ಆಕಾಶದ ಮೇಲೆ ಹಕ್ಕು ಯಾರದು?

ಪತ್ರಿಕೆಯೊಂದನ್ನು ಹೊರಡಿಸಬೇಕೆಂದಿರುವ ಮನುಷ್ಯನು ಸರ್ಕಾರದವರಲ್ಲಿ ಅದರ ಹೆಸರನ್ನು ದಾಖಲು ಮಾಡಿಸಿ, ಕಾಗದ, ಮಸಿ, ಅಚ್ಚುಕೂಟಗಳನ್ನು ಒದಗಿಸಿಕೊಂಡರೆ, ತನ್ನ ಊರಿನ ಪುರಸಭೆಯ ಒಪ್ಪುತಪ್ಪುಗಳನ್ನು ಕುರಿತು ಮನಸ್ಸಿಗೆ ಬಂದಂತೆ ಬರೆಯಬಹುದು. ಅದೇ ಮನುಷ್ಯನು ಬರೆಯುವುದನ್ನು ಬಿಟ್ಟು ಮಾತನಾಡಲು ಹೊರಟು, ಮನೆಯ ಮಾಳಿಗೆಯ ಮೇಲೆ ಕಂಬವೊಂದನ್ನು ನೆಟ್ಟು, ಅದೇ ಸಂಗತಿಯನ್ನು ಅದೇ ಊರಿನ ಜನರಿಗೆ ಬಾನುಲಿಯ ಮೂಲಕ ತಿಳಿಸಿದನಾದರೆ ಕೂಡಲೇ ಅಪರಾಧಿಯಾಗುವನು. ಬರೆದ ಮಾತಿಗೆ ಒಂದು ನ್ಯಾಯ, ಆಡಿದ ಮಾತಿಗೆ ಮತ್ತೊಂದು ನ್ಯಾಯ. ಈ ಭೇದವು ನಮ್ಮ ದೇಶವೊಂದರಲ್ಲಿಯೇ ಇರುವುದೆಂದು ವಾಚಕರು ಭಾವಿಸಬಾರದು. ವಾಕ್‌ಸ್ವಾತಂತ್ರ್ಯವನ್ನು ರಾಜ್ಯಾಂಗದ ಮೊದಲನೆಯ ತಿದ್ದುಪಡಿಯಲ್ಲಿಯೇ ಬರೆದುಕೊಂಡಿರುವ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇದೇ ಸ್ಥಿತಿಯಿದ್ದಿತು. ಅಲ್ಲಿ ಇದನ್ನು ಎದುರಿಸಿ ನಿಂತವರ ವೃತ್ತಾಂತವು ನಮಗೆ ಹಲವು ವಿಧದಲ್ಲಿ ಉಪಯುಕ್ತವಾಗಿರುವುದು.

ಅಮೆರಿಕಾದ ಸರ್ಕಾರವು 1927ರ ರೇಡಿಯೋ ಶಾಸನದಿಂದಲೂ 1934ರಲ್ಲಿ ಸ್ಥಾಪಿತವಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನ ಮೂಲಕವೂ ಆಕಾಶದ ತರಂಗಗಳನ್ನು ಲೈಸೆನ್ಸಿನ ಕಟ್ಟಿಗೆ ಒಳಪಡಿಸಿತು. ಅದಕ್ಕೆ ಹೇಳಿದ ಕಾರಣವು ಸುಳ್ಳೇನೂ ಅಲ್ಲ. ಒಂದೇ ತರಂಗಾಂತರದಲ್ಲಿ ಇಬ್ಬರು ಮಾತನಾಡಿದರೆ ಕೇಳುವವನಿಗೆ ಗದ್ದಲವಲ್ಲದೆ ಮತ್ತೇನೂ ಕೇಳಿಸದು. ಆದಕಾರಣ ಯಾರು ಎಲ್ಲಿ ಮಾತನಾಡಬೇಕೆಂಬುದನ್ನು ಗೊತ್ತುಮಾಡುವವರೊಬ್ಬರು ಬೇಕು. ಆದರೆ ಗೊತ್ತುಮಾಡುವ ಕೆಲಸಕ್ಕೆಂದು ಬಂದವರು ಕ್ರಮೇಣ ಬಾಗಿಲನ್ನೇ ಮುಚ್ಚಿದರು. 1978ರಲ್ಲಿ ಆ ಕಮಿಷನ್ನಿನವರು ಹತ್ತು ವ್ಯಾಟಿನ ಚಿಕ್ಕ ವಿದ್ಯಾ ಕೇಂದ್ರಗಳಿಗೆ ಹೊಸ ಲೈಸೆನ್ಸನ್ನು ಕೊಡುವುದನ್ನು ನಿಲ್ಲಿಸಿ, ನೂರು ವ್ಯಾಟಿಗೆ ಕಡಮೆಯಾದುದು ಬೇಡವೆಂದರು. ದೊಡ್ಡ ಕೇಂದ್ರವನ್ನು ಕಟ್ಟುವ ಶಕ್ತಿಯಿಲ್ಲದ ಬಡ ಮೊಹಲ್ಲಾಗಳಿಗೆ ಅಂದಿನಿಂದ ಕಾನೂನಿನ ದಾರಿಯೇ ಇಲ್ಲವಾಯಿತು.

ಇಂಥ ಒಂದು ಮೊಹಲ್ಲಾ ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿದ್ದಿತು. ಲಿಂಕನ್ ಮಹಾಶಯನು ವಕೀಲಿ ಮಾಡುತ್ತಿದ್ದ ಊರು ಅದೇ. ಅಲ್ಲಿ ಬಡವರಿಗಾಗಿ ಸರ್ಕಾರದವರು ಕಟ್ಟಿಸಿಕೊಟ್ಟಿದ್ದ ಜಾನ್ ಹೇ ಹೋಮ್ಸ್ ಎಂಬ ವಠಾರದಲ್ಲಿ ಎಂಬಾನಾ ಕಂಟಾಕೋ ಎಂಬ ದೃಷ್ಟಿಹೀನ ನೀಗ್ರೋ ಗೃಹಸ್ಥನು ಬಾಡಿಗೆದಾರರ ಹಕ್ಕಿನ ಸಂಘವೊಂದನ್ನು ನಡೆಸುತ್ತಿದ್ದನು. ಕರಪತ್ರವನ್ನು ಹಂಚೋಣವೆಂದರೆ ಓದುಬಲ್ಲವರು ಅಲ್ಲಿ ಕಡಮೆ. ಪಟ್ಟಣದ ಪತ್ರಿಕೆಗಳಿಗೆ ಆ ವಠಾರದ ಸುದ್ದಿ ಬೇಕಿಲ್ಲ. ಆತನು 1987ರಲ್ಲಿ ಕೆಲವು ನೂರು ಡಾಲರುಗಳ ವೆಚ್ಚದಲ್ಲಿ ಒಂದು ವ್ಯಾಟಿನಷ್ಟು ಶಕ್ತಿಯ ಪ್ರಸಾರಯಂತ್ರವನ್ನು ತನ್ನ ಮನೆಯಲ್ಲಿಯೇ ಹೂಡಿ, ಲೈಸೆನ್ಸಿನ ಮಾತನ್ನೆತ್ತದೆ ಮಾತನಾಡತೊಡಗಿದನು. ಒಂದು ವ್ಯಾಟೆಂದರೆ ಮನೆಯಲ್ಲಿ ಉರಿಯುವ ಒಂದು ಸಣ್ಣ ದೀಪಕ್ಕೂ ಸಾಲದ ವಿದ್ಯುತ್ತು. ಅದರ ಧ್ವನಿಯು ಒಂದೆರಡು ಮೈಲಿಗಳನ್ನು ದಾಟುತ್ತಿರಲಿಲ್ಲ. ಆದರೆ ಕೇಳಬೇಕಾದವರೆಲ್ಲರೂ ಆ ಒಂದೆರಡು ಮೈಲಿಗಳೊಳಗೇ ಇದ್ದರು.

ಆತನು ಸಂಗೀತವನ್ನಷ್ಟೇ ಹಾಕಿಕೊಂಡಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೆಂದು ನಮಗೆ ತೋರುವುದು. ಪೊಲೀಸರ ಕೈಯಲ್ಲಿ ಪೆಟ್ಟು ತಿಂದವರನ್ನು ಯಂತ್ರದ ಮುಂದೆ ಕೂರಿಸಿ ಅವರ ಬಾಯಿಂದಲೇ ನಡೆದುದನ್ನು ಹೇಳಿಸತೊಡಗಿದ ಮೇಲೆ ಕಮಿಷನ್ನಿನ ಅಧಿಕಾರಿಗಳಿಗೆ ದೂರು ಹೋಯಿತು. 1989ರ ಏಪ್ರಿಲ್ ತಿಂಗಳಲ್ಲಿ ಅವರು ಬಂದು ಪ್ರಸಾರವನ್ನು ನಿಲ್ಲಿಸೆಂದು ಆಜ್ಞಾಪಿಸಿ 750 ಡಾಲರುಗಳ ಜುಲ್ಮಾನೆಯನ್ನು ವಿಧಿಸಿದರು. ಕೆಲವು ದಿನ ಸುಮ್ಮನಿದ್ದು ಆತನು ಪುನಃ ಯಂತ್ರವನ್ನು ಚಾಲೂ ಮಾಡಿದನು, ಜುಲ್ಮಾನೆಯನ್ನು ಕಟ್ಟಲಿಲ್ಲ. ಕಾನೂನಿಗೆ ತಲೆಬಾಗದೆ, ಬಚ್ಚಿಟ್ಟುಕೊಳ್ಳದೆ, ಬಹಿರಂಗವಾಗಿ ಅದನ್ನು ಮೀರಿ ಅದರ ಫಲಕ್ಕೆ ಸಿದ್ಧನಾಗಿ ನಿಲ್ಲುವ ಈ ಮಾರ್ಗವು ಯಾವುದೆಂದು ನಮ್ಮ ದೇಶದವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1942ರ ಆಗಸ್ಟ್ ತಿಂಗಳಿನಿಂದ ನವೆಂಬರ್ ತಿಂಗಳವರೆಗೆ ಮುಂಬಯಿಯಲ್ಲಿ ಉಷಾ ಮೆಹತಾ ಅವರೂ ಅವರ ಸಂಗಡಿಗರೂ ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸಿಕೊಂಡು ಕಾಂಗ್ರೆಸ್ ರೇಡಿಯೋವನ್ನು ನಡೆಸಿ ಸೆರೆಮನೆಯನ್ನು ಸೇರಿದುದನ್ನು ಬಲ್ಲವರಿಗೆ ಸ್ಪ್ರಿಂಗ್‌ಫೀಲ್ಡಿನ ವಠಾರವು ಅಪರಿಚಿತವಾಗಿ ತೋರದು.

ಕಂಟಾಕೋವಿನ ದೃಷ್ಟಾಂತವು ಇತರರಿಗೆ ಧೈರ್ಯವನ್ನು ಕೊಟ್ಟಿತು. 1993ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದಲ್ಲಿ ಸ್ಟೀಫನ್ ಡನಿಫರ್ ಎಂಬ ಯಂತ್ರಕುಶಲನು ಪ್ರಸಾರಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡವನ್ನು ಹತ್ತಿ ಪ್ರಸಾರವನ್ನು ನಡೆಸಿದನು. ಅಂಥ ಯಂತ್ರವನ್ನು ಜೋಡಿಸುವ ವಿದ್ಯೆಯನ್ನು ಬೇಡಿದವರಿಗೆಲ್ಲ ಕಲಿಸಿಯೂ ಕೊಟ್ಟನು. ಸರ್ಕಾರದವರು ಪ್ರತಿಬಂಧಕಾಜ್ಞೆಯನ್ನು ಕೋರಿ ನ್ಯಾಯಾಲಯಕ್ಕೆ ಹೋದಾಗ, 1995ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಅದನ್ನು ತತ್‌ಕ್ಷಣವೇ ಕೊಡಲೊಪ್ಪದೆ ಇದ್ದುದು ದೇಶದಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಮೂರು ವರ್ಷಗಳಾದ ಮೇಲೆ, 1998ರಲ್ಲಿ, ಆಜ್ಞೆಯು ಬಂದೇ ಬಂದಿತು. ಲೈಸೆನ್ಸಿಗೆ ಅರ್ಜಿಯನ್ನೇ ಹಾಕದವನು ಲೈಸೆನ್ಸು ಸಿಕ್ಕಲಿಲ್ಲವೆಂದು ದೂರುವಂತಿಲ್ಲವೆಂಬುದು ಅದರ ತಾತ್ಪರ್ಯ. ಅರ್ಜಿ ಹಾಕಿದ್ದರೂ ಅಷ್ಟು ಚಿಕ್ಕ ಕೇಂದ್ರಕ್ಕೆ ಲೈಸೆನ್ಸೆಂಬುದೇ ಇರಲಿಲ್ಲವಲ್ಲ ಎಂದು ಕೇಳಿದವರಿಗೆ ಅಲ್ಲಿ ಉತ್ತರವು ದೊರೆಯಲಿಲ್ಲ.

ಇಲ್ಲಿ ವ್ಯಕ್ತಿಸ್ವಾತಂತ್ರ್ಯವಾದಿಗಳೆಂದು ಅಮೆರಿಕಾದಲ್ಲಿ ಹೆಸರಾದವರ ವಿಚಾರವನ್ನು ಸ್ವಲ್ಪ ನೋಡುವುದು ಅವಶ್ಯಕ. ಅವರಲ್ಲಿ ಎರಡು ಪಂಗಡಗಳುಂಟು. ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞನು 1959ರಲ್ಲಿಯೇ ಈ ಕಮಿಷನ್ನನ್ನು ಕುರಿತು ಪ್ರಬಂಧವೊಂದನ್ನು ಬರೆದು, ಭೂಮಿಯೂ ಪರಿಮಿತವಾದುದೇ ಅಲ್ಲವೆ, ಅದನ್ನು ಕ್ರಯವಿಕ್ರಯಗಳಿಂದ ಹಂಚಿಕೊಳ್ಳುವಂತೆ ತರಂಗಗಳನ್ನೂ ಹಂಚಿಕೊಳ್ಳಬಾರದೇಕೆ, ಸರ್ಕಾರದವರ ಮರ್ಜಿಯನ್ನು ಕಾಯುವುದಕ್ಕಿಂತ ಅದು ಮೇಲಲ್ಲವೆ ಎಂದು ವಾದಿಸಿದನು. ಮತ್ತೊಂದು ಪಂಗಡದವರು ಆಕಾಶವನ್ನು ಕೊಳ್ಳುವ ಮಾರುವ ಮಾತನ್ನೇ ಒಪ್ಪರು. ಅದು ಊರ ಗೋಮಾಳದಂತೆ ಎಲ್ಲರದೆಂದೂ, ನೆರೆಯವನಿಗೆ ತೊಂದರೆಯಾಗದಂತೆ ಯಾರು ಬೇಕಾದರೂ ಬಳಸಬಹುದೆಂದೂ ಅವರ ಮತ. ಡನಿಫರನು ಈ ಎರಡನೆಯ ಪಂಗಡದವನು. ಸರ್ಕಾರವು ಮಾತಿನ ಕಾವಲುಗಾರನಾಗಬಾರದೆಂಬಲ್ಲಿ ಇಬ್ಬರೂ ಒಂದೇ. ಸರ್ಕಾರವು ಸರಿದು ನಿಂತರೆ ಆ ಸ್ಥಳಕ್ಕೆ ಯಾರು ಬರುವರೆಂಬಲ್ಲಿ ಬೇರೆ ಬೇರೆ.

ಯಾರು ಬರುವರೆಂಬುದು ಬಹುಬೇಗ ಗೊತ್ತಾಯಿತು. 1996ರ ಶಾಸನದಿಂದ ಒಬ್ಬನೇ ಎಷ್ಟು ಬಾನುಲಿ ಕೇಂದ್ರಗಳನ್ನು ಬೇಕಾದರೂ ಹೊಂದಬಹುದೆಂದಾಗಲು, ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯು ಕೆಲವೇ ವರ್ಷಗಳಲ್ಲಿ ಸಾವಿರದ ಇನ್ನೂರಕ್ಕೂ ಮೇಲ್ಪಟ್ಟ ಕೇಂದ್ರಗಳನ್ನು ಕೊಂಡಿತು. 2002ರ ಜನವರಿಯಲ್ಲಿ ಉತ್ತರ ಡಕೋಟಾದ ಮೈನಟ್ ಎಂಬ ಪಟ್ಟಣದ ಬಳಿ ನಡುರಾತ್ರಿಯ ಮೇಲೆ ಸರಕಿನ ರೈಲು ಹಳಿ ತಪ್ಪಿ ಅಮೋನಿಯಾದ ವಿಷಧೂಮವು ಊರನ್ನು ಮುತ್ತಿತು. ಅಲ್ಲಿನ ಆರು ವಾಣಿಜ್ಯ ಕೇಂದ್ರಗಳೂ ಅದೇ ಕಂಪನಿಯ ವಶದಲ್ಲಿದ್ದವು. ಜನರನ್ನು ಎಚ್ಚರಿಸಲು ಪೊಲೀಸರು ಟೆಲಿಫೋನು ಮಾಡಿದರೆ ಉತ್ತರ ಕೊಡುವವರಿಲ್ಲದೆ ಹೋಯಿತೆಂದು ಊರವರು ದೂರಿದರು. ತುರ್ತು ಸೂಚನೆಯ ಯಂತ್ರವನ್ನು ಪೊಲೀಸರು ಸರಿಯಾಗಿ ಬಳಸಲಿಲ್ಲವೆಂದು ಕಂಪನಿಯವರು ಪ್ರತ್ಯುತ್ತರವಿತ್ತರು. ತಪ್ಪು ಯಾರದೇ ಆಗಲಿ, ಆ ರಾತ್ರಿ ಊರಿನ ಧ್ವನಿಯು ಊರಿನಲ್ಲಿರಲಿಲ್ಲವೆಂಬುದು ದಿಟ.

ಅಷ್ಟರಲ್ಲಿ ಕಾನೂನು ಮುರಿದವರ ಹಟವು ಕಾನೂನು ಮಾಡುವವರನ್ನು ಮುಟ್ಟಿದ್ದಿತು. 2000ದ ಜನವರಿಯಲ್ಲಿ ಕಮಿಷನ್ನಿನ ಅಧ್ಯಕ್ಷ ವಿಲಿಯಂ ಕೆನಾರ್ಡ್ ಅವರು ನೂರು ವ್ಯಾಟಿಗೆ ಮೀರದ, ಲಾಭಕ್ಕಾಗಿ ನಡೆಯದ ಚಿಕ್ಕ ಕೇಂದ್ರಗಳಿಗೆ ಲೈಸೆನ್ಸನ್ನು ಕೊಡುವ ನಿಯಮವನ್ನು ತಂದರು. ದೊಡ್ಡ ಪ್ರಸಾರಕರ ಸಂಘವು ಇವುಗಳಿಂದ ನಮ್ಮ ಧ್ವನಿಗೆ ಅಡ್ಡಿಯಾಗುವುದೆಂದು ಶಾಸನಸಭೆಯ ಬಾಗಿಲು ತಟ್ಟಿತು. ಆಶ್ಚರ್ಯವೇನೆಂದರೆ, ಸಾರ್ವಜನಿಕ ಹಣದಲ್ಲಿ ನಡೆಯುವ ಕೇಂದ್ರಗಳ ಪಕ್ಷದವರೂ ಅವರೊಡನೆ ಸೇರಿದರು. ಉಳ್ಳವರು ಎಲ್ಲಿಯೂ ಒಂದೇ ಜಾತಿ! ಆ ವರ್ಷದ ಡಿಸೆಂಬರಿನಲ್ಲಿ ಶಾಸನಸಭೆಯು ಚಿಕ್ಕ ಕೇಂದ್ರಗಳು ದೊಡ್ಡವುಗಳಿಂದ ಇನ್ನೂ ದೂರದ ತರಂಗಾಂತರಗಳಲ್ಲಿರಬೇಕೆಂದು ಕಟ್ಟುಮಾಡಿದುದರಿಂದ, ದೊಡ್ಡ ಪಟ್ಟಣಗಳಲ್ಲಿ ಅವುಗಳಿಗೆ ಸ್ಥಳವೇ ಇಲ್ಲದಂತಾಯಿತು. ಹಿಂದೆ ಲೈಸೆನ್ಸಿಲ್ಲದೆ ಮಾತನಾಡಿದವರಿಗೆ ಲೈಸೆನ್ಸು ಕೂಡದೆಂದೂ ಅದೇ ಶಾಸನದಲ್ಲಿ ಬರೆಯಲಾಯಿತು; ಬಾಗಿಲನ್ನು ತೆರೆಸಿದವರೇ ಹೊರಗುಳಿದರು. ಅಡ್ಡಿಯ ವಿಚಾರವನ್ನು ಪರೀಕ್ಷಿಸಲು ಸರ್ಕಾರವೇ ನೇಮಿಸಿದ ತಜ್ಞರು 2003ರಲ್ಲಿ, ಹೇಳಿಕೊಳ್ಳುವಂಥ ಅಡ್ಡಿಯೇನೂ ಇಲ್ಲವೆಂದು ವರದಿ ಮಾಡಿದರು. ಆ ವರದಿಯಂತೆ ಕಾನೂನನ್ನು ತಿದ್ದುವುದಕ್ಕೆ 2011ರ ಜನವರಿಯವರೆಗೆ, ಅಧ್ಯಕ್ಷ ಒಬಾಮಾ ಅವರ ರುಜುವಾಗುವವರೆಗೆ, ಕಾಯಬೇಕಾಯಿತು.

ಇಷ್ಟರಿಂದ ಸ್ಥಳೀಯ ಪ್ರಸಾರವೆಂದರೆ ಸಜ್ಜನರ ಮಾತಷ್ಟೇ ಎಂದು ತಿಳಿಯುವುದು ಭೋಳೆತನವಾದೀತು. ಅಮೆರಿಕಾದ ಊರುಗಳಲ್ಲಿ ಟೆಲಿವಿಷನ್ನಿನ ಕೇಬಲ್ ತಂತಿಯನ್ನು ಬೀದಿಗಳಲ್ಲಿ ಎಳೆಯಲು ಕಂಪನಿಗೆ ಅನುಮತಿ ಕೊಡುವಾಗ, ಅದಕ್ಕೆ ಪ್ರತಿಯಾಗಿ ಒಂದು ವಾಹಿನಿಯನ್ನು ಊರ ಜನರಿಗೆ ಬಿಟ್ಟುಕೊಡಬೇಕೆಂದು ಪುರಸಭೆಯವರು ಕೇಳುವ ಪದ್ಧತಿಯುಂಟು. ನ್ಯೂಯಾರ್ಕಿನಲ್ಲಿ ಇದು 1971ರಲ್ಲಿ ಪ್ರಾರಂಭವಾಯಿತು. 1984ರ ಶಾಸನವು ಇದಕ್ಕೆ ಆಧಾರವನ್ನು ಕೊಟ್ಟಿತು. ಮೊದಲು ಬಂದವನಿಗೆ ಮೊದಲ ಸರದಿ. ಏನು ಹೇಳುವಿರೆಂದು ಕೇಳುವಂತಿಲ್ಲ. ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ಈ ಸರದಿಯನ್ನು ಕೂ ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿಗಳ ಸಂಘವು ಬೇಡಿತು. ಪುರಸಭೆಯವರು ಏನು ಮಾಡಬೇಕು? ಅವರನ್ನು ಮಾತ್ರ ತಡೆದರೆ ರಾಜ್ಯಾಂಗಕ್ಕೆ ವಿರೋಧವಾಗುವುದೆಂದು, 1988ರಲ್ಲಿ ವಾಹಿನಿಯನ್ನೇ ಎಲ್ಲರಿಗೂ ಮುಚ್ಚಿಬಿಟ್ಟರು. ತಿಗಣೆಗೆ ಹೆದರಿ ಮಂಚವನ್ನು ಸುಟ್ಟಂತಾಯಿತು. ವರ್ಣದ್ವೇಷಿಗಳ ಒಂದು ಮಾತನ್ನೂ ಒಪ್ಪದ ನಾಗರಿಕ ಸ್ವಾತಂತ್ರ್ಯ ಸಂಘದ ವಕೀಲರೇ ಅವರ ಪರವಾಗಿ ನಿಂತರು. ನ್ಯಾಯಾಲಯವು ಮೊಕದ್ದಮೆಯನ್ನು ತಳ್ಳಿಹಾಕಲು ಒಪ್ಪದಿರಲು, 1989ರಲ್ಲಿ ಪುರಸಭೆಯು ವಾಹಿನಿಯನ್ನು ಪುನಃ ತೆರೆಯಿತು. ಮುಂದೆ ಆ ಸಂಘದವರು ತಮ್ಮ ಮಾತನ್ನು ಆಡಿದರು. ಅದನ್ನು ಖಂಡಿಸುವವರಿಗೂ ಅದೇ ವಾಹಿನಿಯಿದ್ದಿತು. ಇದು ಕಹಿಯಾದ ಔಷಧವೇ ಸರಿ. ನಮ್ಮ ದೇಶದ ರಾಜ್ಯಾಂಗವು ಇಷ್ಟು ದೂರ ಹೋಗುವುದಿಲ್ಲ. ಸಾರ್ವಜನಿಕ ಶಾಂತಿಯನ್ನು ಕೆಡಿಸುವ ಮಾತಿಗೆ ಅದರಲ್ಲಿ ತಡೆಯುಂಟು, ಇರಬೇಕಾದುದೂ ಹೌದು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಖಾಸಗಿಯಾಗಿ ಬಾನುಲಿಯನ್ನು ನಡೆಸುವುದು ಕನ್ನಡಿಗರಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೂವತ್ತು ವ್ಯಾಟಿನ ಯಂತ್ರವನ್ನು ತಮ್ಮ ಮನೆಯಲ್ಲಿಯೇ ಸ್ಥಾಪಿಸಿ ನಡೆಸಿದ ಕೇಂದ್ರದ ಹೆಸರಾದ "ಆಕಾಶವಾಣಿ"ಯೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಹೆಸರನ್ನು ತೆಗೆದುಕೊಂಡ ಸರ್ಕಾರವು ಆ ಪದ್ಧತಿಯನ್ನು ತೆಗೆದುಕೊಳ್ಳಲಿಲ್ಲ. ಸ್ವರಾಜ್ಯ ಬಂದ ಮೇಲೆಯೂ 1885ರ ತಂತಿ ಕಾಯಿದೆಯ ಬಲದಿಂದ ಆಕಾಶವು ದಿಲ್ಲಿಯ ಸ್ವತ್ತಾಗಿಯೇ ಉಳಿಯಿತು. 1995ರ ಫೆಬ್ರವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ತೀರ್ಪು ಬಂದು ಏಳು ವರ್ಷಗಳಾದ ಮೇಲೆ ವಿದ್ಯಾಸಂಸ್ಥೆಗಳಿಗೆ, ಹನ್ನೊಂದು ವರ್ಷಗಳಾದ ಮೇಲೆ, ಎಂದರೆ 2006ರಲ್ಲಿ, ಇತರ ಸೇವಾಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅನುಮತಿಯು ದೊರೆಯಿತು. ಆ ನಡುವೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಮಾಡಿದ ಉಪಾಯವು ಸ್ಮರಣಾರ್ಹವಾದುದು. ಆಕಾಶವನ್ನು ಮುಟ್ಟಿದರೆ ಅಪರಾಧವಾದುದರಿಂದ ಅವರು ಆಕಾಶವನ್ನು ಮುಟ್ಟಲಿಲ್ಲ; "ನಮ್ಮ ಧ್ವನಿ" ಎಂಬ ತಮ್ಮ ಕಾರ್ಯಕ್ರಮಗಳನ್ನು ಟೆಲಿವಿಷನ್ನಿನ ಕೇಬಲ್ ತಂತಿಯಲ್ಲಿ ಹರಿಸಿ ಮನೆಮನೆಗೆ ಮುಟ್ಟಿಸಿದರು.

ಅನುಮತಿಯೇನೋ ದೊರೆಯಿತು. ಆದರೆ 2006ರ ಆ ನಿಬಂಧನೆಗಳಲ್ಲಿಯೇ, ಸಮುದಾಯ ಬಾನುಲಿಯು ವಾರ್ತೆಯನ್ನೂ ಪ್ರಚಲಿತ ರಾಜಕೀಯವನ್ನೂ ಪ್ರಸಾರ ಮಾಡಕೂಡದೆಂದು ಬರೆದಿರುವುದು. ಮುಂದೆ ಸಡಿಲಿಸಿದಾಗಲೂ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಇಲ್ಲವೆ ಸ್ಥಳೀಯ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದೆಂದಷ್ಟೇ ಹೇಳಿದರು. ಹವಾಮಾನ, ಆಟೋಟ, ಪರೀಕ್ಷೆಯ ಫಲಿತಾಂಶ, ನೀರು ವಿದ್ಯುತ್ತುಗಳ ಸರಬರಾಯಿ, ಇವು ವಾರ್ತೆಯಲ್ಲವೆಂದು ವಿನಾಯಿತಿಯುಂಟು. ಎಂದರೆ ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುವುದೆಂದು ಹೇಳಬಹುದು. ನೀರಿನ ಕಂತ್ರಾಟಿನ ಹಣವು ಎಲ್ಲಿ ಹೋಯಿತೆಂದು ಪಂಚಾಯಿತಿಯಲ್ಲಿ ನಡೆದ ಚರ್ಚೆಯನ್ನು ವಾರ್ತೆಯಾಗಿ ಹೇಳುವಂತಿಲ್ಲ. ಅದೇ ಚರ್ಚೆಯನ್ನು ತಾಲ್ಲೂಕಿನ ವಾರಪತ್ರಿಕೆಯು ಅಚ್ಚು ಹಾಕಬಹುದು, ಖಾಸಗಿ ಟೆಲಿವಿಷನ್ನಿನವರು ಹಗಲಿರುಳೂ ಕೂಗಬಹುದು. ಊರಿನ ಐದಾರು ಮೈಲಿಗಳಾಚೆಗೆ ಕೇಳಿಸದ ನೂರು ವ್ಯಾಟಿನ ಧ್ವನಿಗೆ ಮಾತ್ರ ಬಾಯಿಗೆ ಬಟ್ಟೆ.

ಇದರಿಂದ ದೇಶದ ಭದ್ರತೆಗೆ ಅಪಾಯವೆಂದು ಅಧಿಕಾರವರ್ಗದವರು ಹೇಳುವರು. ಅಪಾಯವನ್ನು ತಡೆಯುವ ಉಪಾಯವು ಅವರ ಕೈಯಲ್ಲಿ ಈಗಾಗಲೇ ಇದೆ. ಕೇಂದ್ರವನ್ನು ನಡೆಸುವವರು ದಾಖಲಾದ ಸಂಸ್ಥೆಯವರು. ಅವರ ವಿಳಾಸವೂ ಕಂಬವೂ ಸರ್ಕಾರಕ್ಕೆ ಗೊತ್ತು. ಪ್ರಸಾರದ ಧ್ವನಿಮುದ್ರಣವನ್ನು ಮೂರು ತಿಂಗಳ ಕಾಲ ಇಟ್ಟಿರಬೇಕೆಂಬ ನಿಯಮವೂ ಉಂಟು. ಸುಳ್ಳು ಹೇಳಿದವನ ಮೇಲೆ, ಕಲಹವನ್ನು ಹಚ್ಚಿದವನ ಮೇಲೆ, ಪತ್ರಿಕೆಯವನಿಗೆ ಅನ್ವಯಿಸುವ ದಂಡಸಂಹಿತೆಯು ಬಾನುಲಿಯವನಿಗೂ ಅನ್ವಯಿಸುವುದು. ಬಾನುಲಿ ವಾರ್ತೆಯ ಮೇಲಿನ ನಿಷೇಧವನ್ನು ಪ್ರಶ್ನಿಸಿ 2013ರಲ್ಲಿಯೇ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತದ ಅರ್ಜಿಯು ಹೋಗಿರುವುದು. ನ್ಯಾಯಾಲಯದ ಆಜ್ಞೆಯನ್ನು ಕಾದು ಕುಳಿತುಕೊಳ್ಳುವ ಅವಶ್ಯಕತೆಯೇನೂ ವಾರ್ತಾ ಮಂತ್ರಾಲಯಕ್ಕೆ ಇಲ್ಲ. ಈ ನಿಷೇಧವನ್ನು ಹಾಕಿದುದು ಪಾರ್ಲಿಮೆಂಟಿನ ಕಾಯಿದೆಯಲ್ಲ, ಮಂತ್ರಾಲಯದವರೇ ಬರೆದ ಒಂದು ನಿಬಂಧನೆ; ಬರೆದ ಕೈಯೇ ಅದನ್ನು ಹೊಡೆದುಹಾಕಬಹುದು.