ಕ್ರೂಸ್ ಹಡಗಿನ ಬಿಲ್ಲಿನಿಂದ ಟಿಪ್ಸ್ ತೆಗೆಸುವುದು ಜಾಣತನವೇ?

ಅಮೆರಿಕದಿಂದ ಹೊರಡುವ ಬಹುತೇಕ ಕ್ರೂಸ್ ಹಡಗುಗಳಲ್ಲಿ ಪ್ರತಿ ಪ್ರಯಾಣಿಕರ ಲೆಕ್ಕಕ್ಕೆ ದಿನವೂ ‘ಗ್ರಾಚ್ಯುಟಿ’ ತಾನಾಗಿಯೇ ಸೇರುತ್ತದೆ. ದಿನಕ್ಕೆ 16 ಡಾಲರ್ ಎಂದುಕೊಂಡರೂ ಗಂಡ-ಹೆಂಡತಿಯ ಏಳು ದಿನಗಳ ಪ್ರವಾಸಕ್ಕೆ 224 ಡಾಲರ್ ಆಯಿತು. ‘ಇದು ಸುಲಿಗೆ, ಕೌಂಟರಿನಲ್ಲಿ ಹೇಳಿ ತೆಗೆಸಿಬಿಡಿ’ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಹಲವು ಕಂಪನಿಗಳಲ್ಲಿ ಹಾಗೆ ತೆಗೆಸಬಹುದು, ನಿಜ. ಆದರೆ ಕತ್ತರಿ ಬೀಳುವುದು ಯಾರ ಸಂಪಾದನೆಗೆ?

ದಡದ ರೆಸ್ಟೋರೆಂಟನ್ನೇ ನೋಡೋಣ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಟಿಪ್ಸ್ ಪಡೆಯುವ ಸರ್ವರ್‌ಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಈ ದರ ಅಲ್ಲಾಡಿಲ್ಲ! (ಹಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿದೆ.) ಆದರೆ ಟಿಪ್ಸ್ ಸೇರಿಸಿಯೂ 7.25 ಡಾಲರ್ ಆಗದಿದ್ದರೆ ಕೊರತೆಯನ್ನು ಮಾಲೀಕನೇ ತುಂಬಿಕೊಡಬೇಕು.

ಹಡಗಿನಲ್ಲಿ ಆ ಆಸರೆ ಇಲ್ಲ. ಹೆಚ್ಚಿನ ಹಡಗುಗಳು ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾಗಿರುವುದರಿಂದ ಅಮೆರಿಕದ ಕನಿಷ್ಠ ವೇತನ ಕಾನೂನು ಅವುಗಳ ಸಿಬ್ಬಂದಿಗೆ ಅನ್ವಯಿಸುವುದಿಲ್ಲ. ವಾರದ ರಜೆಯೂ ಇಲ್ಲದೆ ತಿಂಗಳುಗಟ್ಟಲೆ ದುಡಿಯುವ ಕ್ಯಾಬಿನ್ ಕೆಲಸಗಾರರಿಗೂ ಸರ್ವರ್‌ಗಳಿಗೂ ಆದಾಯದ ದೊಡ್ಡ ಪಾಲು ಬರುವುದು ಈ ಗ್ರಾಚ್ಯುಟಿಯಿಂದಲೇ. ನಮ್ಮ ಕಣ್ಣಿಗೇ ಬೀಳದ ತೆರೆಮರೆಯ ಸಿಬ್ಬಂದಿಗೂ ಅದರಲ್ಲಿ ಪಾಲಿರುತ್ತದೆ.

ಭಾರತದಲ್ಲಿ ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದೆ. ಆ ಮಾತನ್ನು ಹಿಡಿದು ಈ ಹಡಗಿನಲ್ಲಿ ವಾದಿಸಿದರೆ ಪ್ರಯೋಜನವಿಲ್ಲ. ಟಿಕೆಟ್ ಕೊಳ್ಳುವಾಗಲೇ ಈ ಮೊತ್ತವನ್ನು ಬಜೆಟ್ಟಿಗೆ ಸೇರಿಸಿಕೊಳ್ಳಿ. ಉಳಿಸಲೇಬೇಕೆಂದಿದ್ದರೆ ಬಾರಿನ ಬಿಲ್ ನೋಡಿ: ಅಲ್ಲಿ ಸಾಮಾನ್ಯವಾಗಿ ಟಿಪ್ಸ್ ಮೊದಲೇ ಸೇರಿರುತ್ತದೆ, ಕೆಳಗಿನ ಖಾಲಿ ಗೆರೆಯಲ್ಲಿ ಮತ್ತೆ ಬರೆಯಬೇಕಿಲ್ಲ.