ಆಟದ ಬಯಲಿನ ಪತ್ತೇದಾರರು

ಮಕ್ಕಳು ಓದುವುದಿಲ್ಲವೆಂಬ ದೂರು ಇಂದು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಅವರು ಓದಲೆಂದು ನಾವು ಏನನ್ನು ಕೊಟ್ಟಿದ್ದೇವೆಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ಮಾತ್ರ ವಿರಳ. ಐದಾರು ವರ್ಷದ ಕೂಸಿಗೆ ಶಿಶುಗೀತೆಗಳುಂಟು. ಇಪ್ಪತ್ತು ದಾಟಿದವರಿಗೆ ಕಾದಂಬರಿಗಳುಂಟು. ನಡುವಿನ ಹನ್ನೆರಡರಿಂದ ಹದಿನಾರರ ಹರೆಯದವರ ಕೈಗೆ, ಪಠ್ಯಪುಸ್ತಕ ಮತ್ತು ಗೈಡುಗಳನ್ನು ಬಿಟ್ಟರೆ, ಕೊಡಬಹುದಾದದ್ದು ಸ್ವಲ್ಪವೇ. ಆ ವಯಸ್ಸಿನ ಮನಸ್ಸು ಎರಡು ಸಂಗತಿಗಳತ್ತ ತಾನಾಗಿಯೇ ಹರಿಯುತ್ತದೆ: ಒಂದು ಆಟ, ಇನ್ನೊಂದು ಗುಟ್ಟು. ಇವೆರಡನ್ನೂ ಒಂದೇ ಕಥೆಯಲ್ಲಿ ಹೆಣೆದ ಕಿಶೋರ ಕಾದಂಬರಿಗಳು ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದಿವೆ. ಕ್ರೀಡಾ ಪತ್ತೇದಾರಿ ಎಂದು ಅದನ್ನು ಕರೆಯಬಹುದು.

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಬಿಜ್ಜರಗಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು ಜನಿಸಿದ ಊರೆಂದು ನಾಡಿಗೆಲ್ಲ ಪರಿಚಿತವಾದ ಗ್ರಾಮವಿದು. ದ್ರಾಕ್ಷಿ ತೋಟಗಳ, ಒಣದ್ರಾಕ್ಷಿಯ ಈ ಸೀಮೆಯ ಹುಡುಗನಿಗೆ ಆಟವೆಂಬುದು ಟಿ.ವಿ.ಯ ಪರದೆಯಲ್ಲಿ ಮಾತ್ರ ಕಾಣುವ ವಸ್ತುವಲ್ಲ. ಜಾತ್ರೆಯ ಕುಸ್ತಿ, ಭಾರದ ಕಲ್ಲೆತ್ತುವ ಪಂದ್ಯ, ತೆರಬಂಡಿ ಸ್ಪರ್ಧೆ, ಶಾಲೆಯ ಬಯಲಿನ ಕಬಡ್ಡಿ ಮತ್ತು ಖೋ ಖೋ ಈ ನೆಲದ ಬದುಕಿನಲ್ಲಿಯೇ ಬೆರೆತಿವೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಸಾಲುಸಾಲಾಗಿ ಸೈಕಲ್ ಪಟುಗಳನ್ನು ಕೊಟ್ಟಿವೆ. ವಿಜಯಪುರದ ಮಗಳು ರಾಜೇಶ್ವರಿ ಗಾಯಕ್ವಾಡ್ ೨೦೧೭ರ ಮಹಿಳಾ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ಕೇವಲ ೧೫ ಓಟಗಳಿಗೆ ೫ ವಿಕೆಟ್ ಉರುಳಿಸಿದುದನ್ನು ಇಲ್ಲಿಯ ಹೆಣ್ಣುಮಕ್ಕಳು ಇನ್ನೂ ಹೆಮ್ಮೆಯಿಂದ ನೆನೆಯುತ್ತಾರೆ. ಇಷ್ಟೆಲ್ಲ ಇದ್ದೂ ಈ ಆಟಗಳು ನಮ್ಮ ಮಕ್ಕಳ ಕಥೆಪುಸ್ತಕಗಳೊಳಗೆ ಕಾಲಿಟ್ಟದ್ದು ಅಪರೂಪ.

ಪತ್ತೇದಾರಿ ಕಥೆಯಂತೂ ಕನ್ನಡಕ್ಕೆ ಹೊಸತಲ್ಲ. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ೫೦೦ಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದರು. ೨೦೧೧ರಲ್ಲಿ ಅವರು ತೀರಿಕೊಂಡಾಗ, ತಮಗೆ ಓದಿನ ರುಚಿ ಹತ್ತಿದ್ದೇ ಅವರಿಂದ ಎಂದು ನೆನೆದವರು ಅನೇಕರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರೆಂಬುದು ಇಂದಿನ ತರುಣರಲ್ಲಿ ಎಷ್ಟು ಮಂದಿಗೆ ಗೊತ್ತು? ಆದರೆ ಆ ಪುಸ್ತಕಗಳು ಮಕ್ಕಳಿಗಾಗಿ ಬರೆದವಲ್ಲ. ಹಿರಿಯರ ಕಣ್ಣು ತಪ್ಪಿಸಿ, ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಮಕ್ಕಳು ಅವನ್ನು ಓದಿದರು. ಅಡಗಿಸಿಟ್ಟು ಓದಿಸಿಕೊಳ್ಳುವ ಪುಸ್ತಕದ ಶಕ್ತಿಯನ್ನು ಅಲ್ಲಗಳೆಯುವುದು ಕಷ್ಟ.

ಇನ್ನು ಮಕ್ಕಳ ಸಾಹಿತ್ಯದಲ್ಲಿ ವಿಜಯಪುರ ಜಿಲ್ಲೆಗೆ ಹಿರಿಯ ಸ್ಥಾನವಿದೆ. ಶಂ.ಗು. ಬಿರಾದಾರ, ಸಿಸು ಸಂಗಮೇಶ, ೨೦೧೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕಂಚ್ಯಾಣಿ ಶರಣಪ್ಪ, ಇವರೆಲ್ಲ ಈ ಮಣ್ಣಿನವರೇ. ಇವರ ಪರಂಪರೆಯ ಮುಖ್ಯ ಒಲವು ಪದ್ಯದತ್ತ. ಮಕ್ಕಳ ಕಾದಂಬರಿಗೆ ಈಚೆಗೆ ಒಳ್ಳೆಯ ಕಾಲ ಬಂದಂತೆ ಕಾಣುತ್ತದೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ೨೦೨೧ರಲ್ಲಿ, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ ೨೦೨೨ರಲ್ಲಿ ಅದೇ ಪುರಸ್ಕಾರವನ್ನು ಪಡೆದವು.

ಹೊರನಾಡಿನಲ್ಲಿ ಈ ಬೆಸುಗೆ ಬಹು ಹಿಂದೆಯೇ ಆರಂಭವಾಯಿತು. ಶೆರ್ಲಾಕ್ ಹೋಮ್ಸನ ‘ಸಿಲ್ವರ್ ಬ್ಲೇಜ್’ ಕಥೆ ಪ್ರಕಟವಾದದ್ದು ೧೮೯೨ರಲ್ಲಿ. ದೊಡ್ಡ ಪಂದ್ಯಕ್ಕೆ ಕೆಲವೇ ದಿನ ಮುಂಚೆ ಕುದುರೆಯೊಂದು ಕಾಣೆಯಾಗುತ್ತದೆ, ಅದನ್ನು ಪಳಗಿಸುವವನು ಶವವಾಗಿ ಬಿದ್ದಿರುತ್ತಾನೆ. ಆ ರಾತ್ರಿ ಲಾಯದ ನಾಯಿ ಬೊಗಳಲಿಲ್ಲವೆಂಬ ಸಣ್ಣ ಸಂಗತಿಯಿಂದ ಹೋಮ್ಸ್ ಗುಟ್ಟಿನ ಗಂಟನ್ನು ಬಿಚ್ಚುತ್ತಾನೆ. ಬೊಗಳಲಿಲ್ಲವೆಂದರೆ ಬಂದವನು ಪರಿಚಿತನೇ ಇರಬೇಕಲ್ಲವೆ? ನಮ್ಮ ಕಾಲಕ್ಕೆ ಬಂದರೆ, ಅಮೆರಿಕೆಯ ಕ್ರೀಡಾ ಪತ್ರಕರ್ತ ಜಾನ್ ಫೈನ್‌ಸ್ಟೀನ್ ೨೦೦೫ರಲ್ಲಿ ‘ಲಾಸ್ಟ್ ಶಾಟ್’ ಎಂಬ ಕಾದಂಬರಿಯನ್ನು ಬರೆದರು. ಲೇಖನ ಸ್ಪರ್ಧೆಯಲ್ಲಿ ಗೆದ್ದ ಒಬ್ಬ ಹುಡುಗ, ಒಬ್ಬ ಹುಡುಗಿ ಕಾಲೇಜು ಬಾಸ್ಕೆಟ್‌ಬಾಲಿನ ಅಂತಿಮ ಪಂದ್ಯಗಳನ್ನು ವರದಿ ಮಾಡಲು ಹೋಗುತ್ತಾರೆ. ಬೇಕೆಂದೇ ಸೋಲುವಂತೆ ಆಟಗಾರನೊಬ್ಬನನ್ನು ಬೆದರಿಸುತ್ತಿರುವ ಮಾತು ಅವರ ಕಿವಿಗೆ ಬೀಳುತ್ತದೆ. ಪತ್ತೇದಾರಿ ಸಾಹಿತ್ಯಕ್ಕೆ ಮೀಸಲಾದ ಎಡ್ಗರ್ ಪ್ರಶಸ್ತಿ ಮರುವರ್ಷ ಈ ಕೃತಿಗೆ ದೊರೆಯಿತು. ಅದೇ ಮಕ್ಕಳಿಬ್ಬರನ್ನು ಟೆನಿಸ್, ಬೇಸ್‌ಬಾಲ್, ಒಲಿಂಪಿಕ್ ಅಂಗಳಗಳಿಗೂ ಕರೆದೊಯ್ದ ಫೈನ್‌ಸ್ಟೀನ್ ೨೦೨೫ರಲ್ಲಿ ನಿಧನರಾದರು. ಮೂವತ್ತು ವರ್ಷ ಆಟಗಾರರ ನಡುವೆ ತಿರುಗಾಡಿದ ಪತ್ರಕರ್ತನ ಬರೆಹವಾದ್ದರಿಂದ ಅವುಗಳಲ್ಲಿ ಆಟದ ವಿವರ ಹಿಡಿದ ಹಿಡಿಯಷ್ಟು ಗಟ್ಟಿ; ಕಥೆಯ ಹೆಣಿಗೆ ಕೆಲವೆಡೆ ಸಡಿಲವೆಂದು ನನಗನ್ನಿಸುತ್ತದೆ.

ಇಂಥ ಕಥೆಗೆ ಸಾಮಗ್ರಿಯನ್ನು ಕಲ್ಪಿಸಬೇಕಾಗಿಯೂ ಇಲ್ಲ. ೧೯೬೬ರ ಮಾರ್ಚಿಯಲ್ಲಿ ಲಂಡನ್ನಿನ ಪ್ರದರ್ಶನವೊಂದರಿಂದ ಫುಟ್‌ಬಾಲ್ ವಿಶ್ವಕಪ್ಪನ್ನೇ ಕದ್ದರು. ವಾರದ ಬಳಿಕ ಪಿಕಲ್ಸ್ ಎಂಬ ನಾಯಿ ಬೇಲಿಯ ಬುಡದಲ್ಲಿ ಕಾಗದ ಸುತ್ತಿದ ಆ ಕಪ್ಪನ್ನು ಮೂಸಿ ಹಿಡಿಯಿತು. ೧೯೮೩ರಲ್ಲಿ ಬ್ರೆಜಿಲಿನಿಂದ ಅದು ಮತ್ತೆ ಕಳವಾದಾಗ ಯಾವ ನಾಯಿಯೂ ಒದಗಲಿಲ್ಲ. ೧೯೮೦ರ ಬಾಸ್ಟನ್ ಮ್ಯಾರಥಾನಿನಲ್ಲಿ ರೋಸಿ ರೂಯಿಸ್ ಎಂಬಾಕೆ ಮಹಿಳೆಯರಲ್ಲಿ ಮೊದಲಿಗಳಾಗಿ ಗುರಿ ಮುಟ್ಟಿದಳು. ನಲವತ್ತೆರಡು ಕಿಲೋಮೀಟರ್ ಓಡಿದವಳ ಮೈಯಲ್ಲಿ ಬೆವರಿಲ್ಲ. ನಡುವಿನ ತಪಾಸಣೆಯ ಜಾಗಗಳಲ್ಲಿ ಅವಳನ್ನು ಕಂಡವರಿಲ್ಲ. ಕೆಲವೇ ದಿನಗಳಲ್ಲಿ ಗುಟ್ಟು ರಟ್ಟಾಯಿತು, ಗೆಲುವು ಕೆನಡಾದ ಜಾಕ್ಲಿನ್ ಗರೋಳ ಪಾಲಾಯಿತು.

ಆಟದ ಬಯಲು ಪತ್ತೇದಾರಿಗೆ ಹೇಳಿ ಮಾಡಿಸಿದ ಜಾಗವೇಕೆಂಬುದನ್ನು ಇಲ್ಲಿ ಕಾಣಬಹುದು. ಆಟಕ್ಕೆ ಕಾಲದ ಮಿತಿಯಿದೆ, ಗೆರೆ ಎಳೆದ ಅಂಗಳವಿದೆ, ನೂರಾರು ಸಾಕ್ಷಿಗಳಿದ್ದಾರೆ, ಎಲ್ಲಕ್ಕಿಂತ ಮಿಗಿಲಾಗಿ ಲಿಖಿತ ದಾಖಲೆಯಿದೆ. ಕ್ರಿಕೆಟ್ಟಿನ ಸ್ಕೋರ್ ಪುಸ್ತಕವನ್ನೇ ನೋಡಿರಿ. ದಾಂಡಿಗರ ಓಟಗಳಿಗೆ ಇತರೆ ಓಟಗಳನ್ನು ಕೂಡಿಸಿದರೆ ತಂಡದ ಮೊತ್ತ ಬರಬೇಕು. ಬೌಲರುಗಳು ಕೊಟ್ಟ ಓಟಗಳಿಗೆ ಬೈ ಮತ್ತು ಲೆಗ್ ಬೈಗಳನ್ನು ಸೇರಿಸಿದರೂ ಅದೇ ಮೊತ್ತ ಬರಬೇಕು. ಯಾರಾದರೂ ಒಂದು ಅಂಕಿಯನ್ನು ತಿದ್ದಿದ್ದರೆ ಈ ಎರಡು ಲೆಕ್ಕ ಹೊಂದುವುದಿಲ್ಲ. ಕೂಡುವ ಲೆಕ್ಕ ಬಲ್ಲ ಏಳನೆಯ ತರಗತಿಯ ಹುಡುಗಿ ಈ ಕಳ್ಳನನ್ನು ಹಿಡಿಯಬಲ್ಲಳು. ಅವಳಿಗೆ ಬಂದೂಕೂ ಬೇಡ, ಕಾರೂ ಬೇಡ.

ನಮ್ಮ ಸೀಮೆಯದೇ ಒಂದು ಕಥೆಯನ್ನು ಊಹಿಸೋಣ. ವಿಜಯಪುರದಿಂದ ತಿಕೋಟಾದವರೆಗೆ ಸೈಕಲ್ ಪಂದ್ಯ ನಡೆದಿದೆ. ಗೆಲ್ಲುವನೆಂದು ಎಲ್ಲರೂ ನಂಬಿದ್ದ ಬಿಜ್ಜರಗಿಯ ಬಡ ಹುಡುಗನ ಹಿಂಗಾಲಿ ನಡುದಾರಿಯಲ್ಲಿ ಗಾಳಿ ಕಳೆದುಕೊಂಡಿತು. ಜಾಲಿಯ ಮುಳ್ಳು ಚುಚ್ಚಿರಬೇಕೆಂದು ಎಲ್ಲರೂ ಮರುಗಿ ಸುಮ್ಮನಾದರು. ಪಂಕ್ಚರ್ ಅಂಗಡಿಯವನ ಮಗಳು ಮಾತ್ರ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಹುಡುಕಿದಳು. ತೂತು ಇದ್ದದ್ದು ನೆಲದ ಕಡೆಗಲ್ಲ, ರಿಮ್ಮಿನ ಕಡೆಗೆ! ರಸ್ತೆಯ ಮುಳ್ಳು ಅಲ್ಲಿಗೆ ಹೋಗಲಾರದು. ಹಾಗೆಂದು ಒಡನೆಯೇ ಕಳ್ಳನ ಹೆಸರು ಹೇಳುವಂತಿಲ್ಲ. ಕಡ್ಡಿಯ ತುದಿ ಒಳಗೆ ಚಾಚಿದರೂ ಅಲ್ಲಿಯೇ ತೂತಾಗುತ್ತದೆ. ಆದ್ದರಿಂದ ಅವಳು ರಿಮ್ಮಿನ ಒಳಗೆಲ್ಲ ಬೆರಳಾಡಿಸಿ ನೋಡಬೇಕು, ಸೈಕಲ್ಲನ್ನು ಹಿಂದಿನ ರಾತ್ರಿ ಯಾರ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿತ್ತೆಂದು ಕೇಳಬೇಕು, ತಾನು ಮೆಚ್ಚಿದವರನ್ನೂ ಸಂಶಯದಿಂದ ಕಾಣುವ ಸಂಕಟವನ್ನು ಅನುಭವಿಸಬೇಕು. ಒಳ್ಳೆಯ ಪತ್ತೇದಾರಿ ಕಥೆಯ ಜೀವ ಇರುವುದು ಇಲ್ಲಿ. ಸಾಕ್ಷ್ಯವಿಲ್ಲದೆ ಯಾರನ್ನೂ ದೂರಬಾರದೆಂದು ಅದು ಉಪದೇಶಿಸುವುದಿಲ್ಲ; ಓದುತ್ತಿರುವ ಹುಡುಗನೇ ಮೂರನೆಯ ಅಧ್ಯಾಯದಲ್ಲಿ ನಿರಪರಾಧಿಯೊಬ್ಬನನ್ನು ಕಳ್ಳನೆಂದು ನಿರ್ಧರಿಸಿ, ಹತ್ತನೆಯದರಲ್ಲಿ ನಾಚಿಕೊಳ್ಳುವಂತೆ ಮಾಡುತ್ತದೆ.

ಇದೆಲ್ಲ ಬರಿಯ ಮನರಂಜನೆಯ ಮಾತೆಂದು ಹಿರಿಯರು ತಳ್ಳಿಹಾಕಬಾರದು. ಆಟದೊಳಗೆ ಹಣದ ಮೋಸ ಹೊಕ್ಕಿರುವುದು ದೂರದ ದೇಶಗಳಲ್ಲಿ ಮಾತ್ರವಲ್ಲ. ವಿಜಯಪುರದ ಹೆಸರಿನ ತಂಡವೂ ಆಡುತ್ತಿದ್ದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಮೋಸದಾಟ ನಡೆದಿದೆಯೆಂಬ ಆರೋಪದ ಮೇಲೆ ೨೦೧೯ರಲ್ಲಿ ಬೆಂಗಳೂರಿನ ಪೊಲೀಸರು ಬೇರೆ ಬೇರೆ ತಂಡಗಳಿಗೆ ಸೇರಿದವರನ್ನು ಬಂಧಿಸಿದರು. ಅದಕ್ಕಿಂತಲೂ ಸಮೀಪದ ಅಪಾಯ ಕೈಯಲ್ಲಿರುವ ಮೊಬೈಲಿನಿಂದ ಬಂದಿದೆ. ತಂಡ ಕಟ್ಟಿ ಹಣ ಗೆಲ್ಲಿರೆಂದು ಕರೆಯುವ ಆಟಗಳಲ್ಲಿ ಕಾಲೇಜಿನ ಶುಲ್ಕವನ್ನೂ ಬೆಳೆಯ ಹಣವನ್ನೂ ಕಳೆದುಕೊಂಡು ಮನೆಯವರಿಗೆ ಮುಖ ತೋರಿಸಲಾರದೆ ಕುಗ್ಗಿದ ತರುಣರ ಸಂಗತಿಯನ್ನು ಕೇಳದ ಊರಿಲ್ಲ. ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕಾಯ್ದೆ ಅಂಗಡಿಯ ಬಾಗಿಲು ಮುಚ್ಚಿಸಬಲ್ಲದು. ಪಣದ ಚಪಲವು ಹುಡುಗನ ಮನಸ್ಸಿನಲ್ಲಿ ಹೇಗೆ ಹುಟ್ಟುತ್ತದೆ, ಮೊದಲ ಸಲ ನೂರು ರೂಪಾಯಿ ಗೆಲ್ಲಿಸುವವರ ಲೆಕ್ಕವೇನು, ಸೋತವನನ್ನು ಮುಂದಿನ ಸುಳ್ಳಿಗೆ ಯಾರು ಹೇಗೆ ಎಳೆಯುತ್ತಾರೆ ಎಂಬುದನ್ನು ಒಳಗಿನಿಂದ ಕಾಣಿಸುವ ಕೆಲಸ ಕಥೆಯದು. ತಂದೆತಾಯಿಗಳು ಗದರಿಸಿ ಹೇಳಿದರೆ ಮಗ ಎದ್ದುಹೋಗುತ್ತಾನೆ. ಅದೇ ಸಂಗತಿ ಪುಸ್ತಕದಲ್ಲಿ ಮತ್ತೊಬ್ಬ ಹುಡುಗನಿಗೆ ಒದಗಿದರೆ ದೀಪವಾರಿಸುವ ಹೊತ್ತು ಮೀರಿದರೂ ಓದುತ್ತಾನೆ.

ಬರೆಯುವವರು ಯಾರು? ನಮ್ಮ ಪ್ರೌಢಶಾಲೆಗಳ ಕನ್ನಡ ಶಿಕ್ಷಕರಲ್ಲಿ ಬರೆಯುವ ಕೈಗಳು ಬೇಕಾದಷ್ಟಿವೆ. ಆಟದ ಒಳಗುಟ್ಟು ದೈಹಿಕ ಶಿಕ್ಷಕರಿಗೆ ಗೊತ್ತು. ಕಬಡ್ಡಿಯ ದಾಳಿಗಾರ ಉಸಿರು ಬಿಟ್ಟನೋ ಇಲ್ಲವೋ ಎಂಬ ಜಗಳ ಹೇಗೆ ಹುಟ್ಟುತ್ತದೆ, ವಯಸ್ಸಿನ ದಾಖಲೆಯನ್ನು ತಿದ್ದಿ ಹಿರಿಯ ಹುಡುಗನನ್ನು ಕಿರಿಯರ ಪಂದ್ಯಕ್ಕೆ ಇಳಿಸುವ ಚಾಳಿ ಹೇಗೆ ಬಯಲಾಗುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಇವರಿಬ್ಬರೂ ಒಂದೇ ಮೇಜಿನ ಎದುರುಬದುರು ಕುಳಿತುಕೊಳ್ಳುತ್ತಾರೆ.

ಪ್ರಕಾಶಕರ ಅಂಜಿಕೆಯೂ ಸಹಜವೇ. ಮಕ್ಕಳ ಕಾದಂಬರಿಯನ್ನು ಕೊಳ್ಳುವವರಾರು ಎಂದು ಅವರು ಕೇಳುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ೨೦೨೦ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಿದೆ. ಅಲ್ಲಿಗೆ ಸಂಜೆ ಬರುವ ಮಕ್ಕಳ ಕೈಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ಸಿಕ್ಕರೆ ಅವರು ಎಷ್ಟು ದಿನ ಬಂದಾರು? ಹೊಸ ಕಾದಂಬರಿಗಳು ಬರುವವರೆಗೆ ಹೋಮ್ಸನ ಕಥೆಗಳ ಕನ್ನಡ ಅನುವಾದಗಳನ್ನೂ ಮೇಲೆ ಹೇಳಿದ ಮಕ್ಕಳ ಕಾದಂಬರಿಗಳನ್ನೂ ಕೆಳಗಿನ ಅರೆಯಲ್ಲಿ, ಆರನೆಯ ತರಗತಿಯವರ ಕೈಗೆಟುಕುವಂತೆ, ಇಡಿಸಬಹುದು. ಹಬ್ಬಕ್ಕೆ ಹೊಸ ಬಟ್ಟೆಯನ್ನು ತರಲು ವಿಜಯಪುರಕ್ಕೆ ಹೋದವರು ಪುಸ್ತಕದ ಅಂಗಡಿಗೂ ಮಕ್ಕಳನ್ನು ಕರೆದೊಯ್ದು, ಗೈಡುಗಳಿಲ್ಲದ ಕಪಾಟಿನೆದುರು ಅರ್ಧ ಗಂಟೆ ಅವರ ಪಾಡಿಗೆ ಅವರನ್ನು ಬಿಡಬಹುದು.