ಗೋಡೆ ಒಡೆಯುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದರು. ಕಟ್ಟಿದ ಮನೆಯ ಗೋಡೆ ಒಡೆದು ನೋಡು ಅಂತ ಅವರು ಹೇಳಲಿಲ್ಲ. ಆದರೂ ನಾವು ಒಡೆಯುತ್ತೇವೆ. ಒಡೆಯಬೇಕಾಗಿ ಬರುತ್ತದೆ. ಅಡಿಗೆಮನೆಯಲ್ಲಿ ಹೊಗೆ ತುಂಬುತ್ತದೆ, ಕಿಟಕಿ ಬೇಕು. ಮಗನಿಗೆ ಮದುವೆಯಾಯಿತು, ಹೊಸ ಕೋಣೆಗೆ ಬಾಗಿಲು ಬೇಕು. ಹಿತ್ತಲಲ್ಲಿ ಬಚ್ಚಲು ಕಟ್ಟಿದೆವು, ಒಳಗಿನಿಂದಲೇ ದಾರಿ ಬೇಕು. ಕರೆಂಟಿನ ಪೈಪು ಹೂಳಬೇಕು. ನಲ್ಲಿ ಹಾಕಿಸಬೇಕು.

ಹೀಗೆ ಕೆಲಸ ಶುರುವಾಗುತ್ತದೆ. ಹಾರೆ ಮನೆಯಲ್ಲೇ ಇದೆ. ಸುತ್ತಿಗೆ ಪಕ್ಕದ ಮನೆಯಲ್ಲಿ ಸಿಗುತ್ತದೆ. ಒಂದು ದಿನದ ಕೆಲಸ, ಮೇಸ್ತ್ರಿಗೆ ಯಾಕೆ ಕೂಲಿ ಕೊಡಬೇಕು ಅನಿಸುತ್ತದೆ. ತಪ್ಪೇನಿಲ್ಲ. ಆದರೆ ಮೊದಲ ಏಟು ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಈ ಗೋಡೆ ಏನನ್ನು ಹೊತ್ತಿದೆ? ಈ ಗೋಡೆಯ ಒಳಗೆ ಏನಿದೆ?

ಗೋಡೆಯ ತಲೆ ಮೇಲಿನ ಭಾರ

ಗೋಡೆಯನ್ನು ನೋಡಬೇಡಿ. ಮೊದಲು ಸೂರು ನೋಡಿ. ತೊಲೆಯ ತುದಿ ಎಲ್ಲಿ ಕೂತಿದೆ? ಜಂತೆಗಳು ಯಾವ ಗೋಡೆಯ ಮೇಲೆ ಕೂತಿವೆ? ಅವು ಕೂತ ಗೋಡೆಯೇ ಭಾರ ಹೊತ್ತ ಗೋಡೆ.

ಬಿಜಾಪುರ, ರಾಯಚೂರು, ಗುಲ್ಬರ್ಗ ಕಡೆಯ ಮಾಳಿಗೆ ಮನೆ ತೆಗೆದುಕೊಳ್ಳಿ. ಮಾಳಿಗೆಯ ಮೇಲೆ ಮಣ್ಣು ಹಾಸಿರುತ್ತಾರೆ. ಬೇಸಿಗೆಯಲ್ಲಿ ಮನೆ ತಂಪಾಗಿರುತ್ತದೆ. ಆದರೆ ಆ ಮಣ್ಣಿನ ತೂಕ ಎಷ್ಟು? ಒಂದು ಲೆಕ್ಕ ಮಾಡೋಣ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ದಪ್ಪದ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಕೋಣೆ 10 ಅಡಿ ಉದ್ದ, 10 ಅಡಿ ಅಗಲ ಇದ್ದರೆ 100 ಚದರ ಅಡಿ ಆಯಿತು. 100ಕ್ಕೆ 45ರಂತೆ ಗುಣಿಸಿ. 4500 ಕಿಲೋ! ಅಂದರೆ 90 ಮೂಟೆ ಸಿಮೆಂಟು. ಮಳೆ ಬಂದು ಮಣ್ಣು ನೆನೆದರೆ ಇನ್ನೂ ಹೆಚ್ಚು. ಅಷ್ಟೂ ಭಾರ ತೊಲೆಗೆ ಬರುತ್ತದೆ, ತೊಲೆಯಿಂದ ಗೋಡೆಗೆ ಇಲ್ಲವೇ ಕಂಬಕ್ಕೆ ಬರುತ್ತದೆ. ಕೆಲವು ಹಳೇ ಮನೆಗಳಲ್ಲಿ ಗೋಡೆಗೆ ಒತ್ತಿ ಮರದ ಕಂಬ ನಿಲ್ಲಿಸಿರುತ್ತಾರೆ. ತೊಲೆ ಕೂತಿರುವುದು ಕಂಬದ ಮೇಲೋ, ಗೋಡೆ ಮೇಲೋ, ಅದನ್ನು ಏಣಿ ಹತ್ತಿ ಕಣ್ಣಾರೆ ನೋಡಬೇಕು. ಕೆಳಗೆ ನಿಂತು ಅಂದಾಜು ಮಾಡಬಾರದು.

ಹೆಂಚಿನ ಮನೆ ಹಗುರ. ಆದರೂ ನಡುವಿನ ಉದ್ದ ತೊಲೆ ಎರಡು ಕಡೆಯ ಮೂಲೆಗೋಡೆಯ ನೆತ್ತಿಯ ಮೇಲೆ ಕೂತಿರುತ್ತದೆ. ಆ ನೆತ್ತಿಯ ಕೆಳಗೆ ನೇರವಾಗಿ ಕಿಂಡಿ ತೆಗೆಯಬಾರದು. ಪಕ್ಕಕ್ಕೆ ಸರಿಸಿ ತೆಗೆಯಬೇಕು.

ಇನ್ನು ಆರ್‌ಸಿಸಿ ಮನೆ. ಇಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಪಿಲ್ಲರು, ಬೀಮು ಇರುವ ಮನೆಯಲ್ಲಿ ಗೋಡೆ ಬರೀ ಮರೆ ಇದ್ದ ಹಾಗೆ. ಭಾರವನ್ನು ಪಿಲ್ಲರು ಹೊರುತ್ತದೆ. ಆದರೆ ಸಣ್ಣ ಊರುಗಳಲ್ಲಿ ಬಹಳ ಮನೆಗಳಿಗೆ ಪಿಲ್ಲರೇ ಇಲ್ಲ. ಮೇಲೆ ಮೌಲ್ಡು ಹಾಕಿರುತ್ತಾರೆ, ಅದನ್ನು ಗೋಡೆಯೇ ಹೊತ್ತಿರುತ್ತದೆ. ನಾಲ್ಕೂವರೆ ಇಂಚಿನ ಗೋಡೆ ಭಾರ ಹೊರುವುದಿಲ್ಲ ಅಂತ ಹೇಳುವವರಿದ್ದಾರೆ. ಹೊರಬಾರದು ನಿಜ. ಆದರೆ ದುಡ್ಡು ಉಳಿಸಲು ಅದರ ಮೇಲೂ ಮೌಲ್ಡು ಕೂರಿಸಿದ ಮನೆಗಳಿವೆ. ಆದ್ದರಿಂದ ಕಟ್ಟಿದ ಮೇಸ್ತ್ರಿ ಇದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ಒಬ್ಬ ಇಂಜಿನಿಯರನ್ನು ಕರೆದು ತೋರಿಸಿ. ಮಹಡಿ ಇರುವ ಮನೆಯಾದರೆ ಇಂಜಿನಿಯರನ್ನು ಕೇಳದೆ ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ. ಪಿಲ್ಲರು, ಬೀಮಿನ ಕಬ್ಬಿಣ ಕತ್ತರಿಸುವುದಂತೂ ಬೇಡವೇ ಬೇಡ.

ಕಲ್ಲು ಮಣ್ಣಿನ ಗೋಡೆ

ಹಳೇ ಕಲ್ಲುಗೋಡೆ ಎರಡು ಅಡಿ, ಮೂರು ಅಡಿ ದಪ್ಪ ಇರುತ್ತದೆ. ನೋಡಿದರೆ ಆನೆ ಗುದ್ದಿದರೂ ಬೀಳುವುದಿಲ್ಲ ಅನಿಸುತ್ತದೆ. ಆದರೆ ಒಳಗೆ ಅದು ಒಂದು ಗೋಡೆಯಲ್ಲ, ಎರಡು ಗೋಡೆ. ಹೊರಗೊಂದು ಪದರ, ಒಳಗೊಂದು ಪದರ. ನಡುವೆ ಚಿಕ್ಕ ಕಲ್ಲು, ಮಣ್ಣು. ಎರಡೂ ಪದರಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡಡ್ಡ ಇಟ್ಟಿರಬೇಕು. ಬಹಳ ಕಡೆ ಇಟ್ಟಿರುವುದಿಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ ಭೂಮಿ ನಡುಗಿತು. ಲಾತೂರ್ ನಮ್ಮ ಬೀದರ್ ಜಿಲ್ಲೆಗೆ ತಾಗಿಕೊಂಡಿದೆ. ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಅಲ್ಲಿದ್ದವೂ ಇಂಥದೇ ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಭಾರದ ಮಾಳಿಗೆ. ಗೋಡೆಯ ಪದರಗಳು ಬಿಟ್ಟುಕೊಂಡವು, ಮಾಳಿಗೆ ಕೆಳಗೆ ಬಂತು. ಹಾರೆಯ ಏಟು ಭೂಕಂಪವಲ್ಲ, ಒಪ್ಪಿದೆವು. ಆದರೆ ಹಾರೆ ಹಾಕಿ ಒಂದು ಪದರದ ಕಲ್ಲು ಕಿತ್ತರೆ ಅದರ ಮೇಲಿನ ಕಲ್ಲುಗಳಿಗೆ ಆಸರೆ ಹೋಗುತ್ತದೆ. ನಡುವಿನ ಮಣ್ಣು ಸುರಿಯಲು ಶುರುವಾಗುತ್ತದೆ. ಆಮೇಲೆ ನಿಲ್ಲಿಸುತ್ತೇವೆ ಅಂದರೂ ಅದು ನಿಲ್ಲುವುದಿಲ್ಲ.

ಇಂಥ ಗೋಡೆ, ಮಣ್ಣಿನ ಗೋಡೆ, ಹಸಿ ಇಟ್ಟಿಗೆ ಗೋಡೆ ಇವನ್ನು ಮಳೆಗಾಲದಲ್ಲಿ ಮುಟ್ಟಬೇಡಿ. ನೆನೆದ ಮಣ್ಣಿಗೆ ಬಲ ಇರುವುದಿಲ್ಲ. ಸುಗ್ಗಿ ಮುಗಿದು ಗೋಡೆ ಚೆನ್ನಾಗಿ ಒಣಗಿದ ಮೇಲೆ ಕೆಲಸ ಹಿಡಿಯಿರಿ. ಸಂದಿಯಲ್ಲಿ ಹಾವು, ಚೇಳು ಇದ್ದಾವು. ಬರಿಗೈ ಹಾಕಬೇಡಿ.

ಮೊದಲು ಆಸರೆ, ಆಮೇಲೆ ಕಿಂಡಿ

"ಏನಾಗಲ್ಲ ಬಿಡಿ ಯಜಮಾನ್ರೇ, ಬೆಳಗ್ಗೆ ಒಡೆದು ಸಂಜೆಗೆ ಕಿಟಕಿ ಕೂರಿಸ್ತೀವಿ" ಅನ್ನುವವರು ಸಿಗುತ್ತಾರೆ. ಅವರಿಗೆ ಒಂದು ಮಾತು ಕೇಳಿ. "ಆಸರೆಗೆ ಏನ್ ತಂದಿದೀಯಪ್ಪಾ?" ಬರಿಗೈಲಿ ಬಂದಿದ್ದರೆ ಕೆಲಸ ಬೇಡ.

ಬಾಗಿಲು ಕಿಟಕಿ ತೆಗೆಯುವ ಸರಿಯಾದ ಕ್ರಮ ಹೀಗೆ. ಒಡೆಯುವ ಜಾಗದ ಹತ್ತಿರ ತೊಲೆಗಳ ಕೆಳಗೆ ಸರ್ವೆ ಕಂಬ ಇಲ್ಲವೇ ಕಬ್ಬಿಣದ ಜಾಕು ಕೊಟ್ಟು ಭಾರ ಹಿಡಿಯಬೇಕು. ಕಂಬದ ಬುಡಕ್ಕೆ ದಪ್ಪ ಹಲಗೆ ಇಡಬೇಕು, ಇಲ್ಲಾಂದ್ರೆ ಮಣ್ಣುನೆಲದಲ್ಲಿ ಕಂಬ ಹೂತುಹೋಗುತ್ತದೆ. ಆಮೇಲೆ ಕಿಟಕಿಯ ಮೇಲ್ಭಾಗದಲ್ಲಿ ಮಾತ್ರ ಒಂದು ಅಡ್ಡಸೀಳು ಒಡೆಯಬೇಕು. ಅದೂ ಗೋಡೆಯ ಅರ್ಧ ದಪ್ಪಕ್ಕೆ. ಅಲ್ಲಿ ಲಿಂಟಲ್ ಇಲ್ಲವೇ ಕಲ್ಲಿನ ಚಪ್ಪಡಿ ಕೂರಿಸಿ, ಮೇಲಿನ ಸಂದಿಗೆ ಗಾರೆ ಗಟ್ಟಿಯಾಗಿ ತುಂಬಬೇಕು. ಅದು ಬಿಗಿಯಾದ ಮೇಲೆ ಇನ್ನೊಂದು ಕಡೆಯಿಂದ ಉಳಿದ ಅರ್ಧ. ಲಿಂಟಲ್ ಎರಡೂ ಪಕ್ಕ ಗೋಡೆಯ ಮೇಲೆ ಮುಕ್ಕಾಲು ಅಡಿಯಾದರೂ ಕೂತಿರಬೇಕು. ಮಣ್ಣಿನ ಗೋಡೆಗೆ ಒಂದು ಅಡಿ ಇರಲಿ. ಗಾರೆಗೆ ಏಳು ದಿನ ನೀರು ಹಾಕಬೇಕು. ಅದರ ಮೇಲೆಯೇ ಕೆಳಗಿನ ಕಿಂಡಿ ಒಡೆಯಬೇಕು. ಮೇಲಿನಿಂದ ಕೆಳಕ್ಕೆ, ಒಂದೊಂದೇ ಕಲ್ಲು. ಬುಡದಲ್ಲಿ ಕೊರೆದು ಮೇಲಿನದನ್ನು ಒಂದೇ ಸಲ ಬೀಳಿಸುವ ಜಾಣತನ ಬೇಡ. ಅಂಥ ಗೋಡೆ ಯಾವ ಕಡೆ ಬೀಳುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಕಿಂಡಿ ಮೂಲೆಗೆ ತೀರ ಹತ್ತಿರ ಬರಬಾರದು. ಎರಡು ಅಡಿಯಾದರೂ ಬಿಡಿ. ಎರಡು ಮನೆಗೂ ಒಂದೇ ಗೋಡೆ ಇದ್ದರೆ ಪಕ್ಕದ ಮನೆಯವರನ್ನು ಕೇಳಿ. ಅವರ ತೊಲೆಯೂ ಅದರ ಮೇಲೇ ಕೂತಿರುತ್ತದೆ.

ಪೈಪು ಹೂಳಲು ಗೋಡೆಗೆ ಗಾಡಿ ಕೊರೆಯುವಾಗಲೂ ಒಂದು ಅಳತೆ ಇದೆ. ಮೇಲಿನಿಂದ ಕೆಳಕ್ಕೆ ಕೊರೆದರೆ ಗೋಡೆಯ ದಪ್ಪದ ಮೂರರಲ್ಲಿ ಒಂದು ಪಾಲಿಗಿಂತ ಆಳ ಹೋಗಬಾರದು. ಅಡ್ಡಕ್ಕೆ ಕೊರೆದರೆ ಆರರಲ್ಲಿ ಒಂದು ಪಾಲು. ಅಂದರೆ 9 ಇಂಚಿನ ಗೋಡೆಗೆ ಉದ್ದಕ್ಕೆ 3 ಇಂಚು, ಅಡ್ಡಕ್ಕೆ ಒಂದೂವರೆ ಇಂಚು. ಅಡ್ಡ ಕೊರೆತ ಯಾಕೆ ಕಮ್ಮಿ? ಕಬ್ಬಿಗೆ ಸುತ್ತ ಕಚ್ಚು ಹಾಕಿ ಮುರಿಯುತ್ತೇವಲ್ಲ, ಹಾಗೆ ಅಡ್ಡ ಕೊರೆತ ಗೋಡೆಯನ್ನು ಬೇಗ ಸೋಲಿಸುತ್ತದೆ.

ಗೋಡೆಯೊಳಗಿನ ಕರೆಂಟು

ಮೊದಲೆಲ್ಲ ವೈರು ಗೋಡೆಯ ಮೇಲೆ ಮರದ ಪಟ್ಟಿಯಲ್ಲಿ ಓಡುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಈಗ ಗೋಡೆಯ ಒಳಗೆ ಹೋಗಿದೆ. ಗಿಲಾಯಿ ಮಾಡಿ ಸುಣ್ಣ ಬಣ್ಣ ಹೊಡೆದ ಮೇಲೆ ಎಲ್ಲಿದೆ ಅಂತ ಯಾರಿಗೆ ಗೊತ್ತು? ಮನೆಯ ಕರೆಂಟು 230 ವೋಲ್ಟ್. ಉಳಿ ವೈರಿಗೆ ತಾಗಿದರೆ ಜೀವ ತೆಗೆಯಲು ಅಷ್ಟು ಸಾಕು.

ಸ್ವಿಚ್ ಬೋರ್ಡು, ದೀಪ, ಫ್ಯಾನು ಎಲ್ಲಿವೆ ನೋಡಿ. ಬೋರ್ಡಿನಿಂದ ನೇರ ಮೇಲಕ್ಕೆ, ನೇರ ಕೆಳಕ್ಕೆ, ನೇರ ಅಡ್ಡಕ್ಕೆ ವೈರು ಹೋಗಿರುವುದು ಹೆಚ್ಚು. ಆ ಸಾಲಿನಲ್ಲಿ ಏಟು ಹಾಕಬೇಡಿ. ಅಡ್ಡಾದಿಡ್ಡಿ ಓಡಿಸಿದ ಮನೆಗಳೂ ಇವೆ, ಅದಕ್ಕೇ ಮೈನ್ ಆಫ್ ಮಾಡಿಯೇ ಒಡೆಯಬೇಕು. ಫ್ಯೂಸು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಯಾಕೆಂದರೆ ಯಾರೋ ಟಿವಿ ನೋಡಲು ಬಂದು ಮೈನ್ ಹಾಕಿಬಿಡುತ್ತಾರೆ.

"ಕರೆಂಟ್ ಹೋಗಿದೆ, ಈಗ ಒಡೆಯೋಣ" ಅನ್ನುವುದು ಬಹಳ ಕೆಟ್ಟ ಲೆಕ್ಕ. ಹೋದ ಕರೆಂಟು ಹೇಳದೆ ಬರುತ್ತದೆ. ಇನ್ನೊಂದು ಮಾತು. ಮನೆಯಲ್ಲಿ ಯುಪಿಎಸ್ ಇದ್ದರೆ ಮೈನ್ ಆಫ್ ಮಾಡಿದರೂ ಕೆಲವು ವೈರುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಬ್ಯಾಟರಿಯಿಂದ ಬಂದರೂ ಅದು ಅಷ್ಟೇ ಜೋರಿನದು. ಯುಪಿಎಸ್ಸನ್ನೂ ಆಫ್ ಮಾಡಬೇಕು.

ಹಾಗಾದರೆ ಕಟಿಂಗ್ ಮಿಷನ್ನಿಗೆ ಕರೆಂಟು ಎಲ್ಲಿಂದ? ಮನೆಯಲ್ಲಿ ಕೋಣೆಗೊಂದು ಬೇರೆ ಸ್ವಿಚ್ಚು ಇದ್ದರೆ, ಒಡೆಯುವ ಗೋಡೆಯ ಕರೆಂಟು ತೆಗೆದು ಬೇರೆ ಕೋಣೆಯಿಂದ ಲೈನು ತನ್ನಿ. ಯಾವ ಲೈನು ಎಲ್ಲಿಗೆ ಹೋಗಿದೆ ಅಂತ ಎಲೆಕ್ಟ್ರಿಷಿಯನ್ ನೋಡಿ ಹೇಳಲಿ. ಇಡೀ ಮನೆಗೆ ಒಂದೇ ಫ್ಯೂಸು ಇದ್ದರೆ ಮಿಷನ್ ಬೇಡ. ಉಳಿ, ಸುತ್ತಿಗೆ ಸಾಕು. ಕೆಲಸ ಅರ್ಧ ದಿನ ತಡವಾಗುತ್ತದೆ, ಅಷ್ಟೇ.

ವೈರಿನ ತುದಿ ಸುಲಿದು ಪ್ಲಗ್ಗಿನ ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಗಿಸಿ ಮಿಷನ್ ಓಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಅರ್ತಿಂಗ್ ಇರುವುದಿಲ್ಲ. ಮೂರು ಪಿನ್ನಿನ ಪ್ಲಗ್ಗು ಹಾಕಿಸಿ. ಆಗುವುದಾದರೆ ಮೈನ್ ಬೋರ್ಡಿಗೆ ಆರ್‌ಸಿಸಿಬಿ ಅನ್ನುವ ಸ್ವಿಚ್ಚು ಹಾಕಿಸಿ. ಮನೆಗೆ 30 ಮಿಲಿ ಆಂಪಿಯರಿನದು ಅಂತ ಕೇಳಿ ತನ್ನಿ. ಕರೆಂಟು ಮೈಮೂಲಕ ನೆಲಕ್ಕೆ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಆಫ್ ಆಗುತ್ತದೆ.

ಯಾರಿಗಾದರೂ ಕರೆಂಟು ಹೊಡೆದರೆ ಅವರನ್ನು ಮುಟ್ಟಬೇಡಿ. ಮೈನ್ ಆಫ್ ಮಾಡಿ. ಆಗದಿದ್ದರೆ ಒಣ ಕಟ್ಟಿಗೆಯಿಂದ ವೈರನ್ನು ದೂರ ತಳ್ಳಿ. 108ಕ್ಕೆ ಫೋನ್ ಮಾಡಿ. ಹೊರಗಿನ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಒಡೆಯುವ ಗೋಡೆಗೇ ಕಟ್ಟಿದ್ದರೆ ನೀವು ಬಿಚ್ಚಬೇಡಿ. 1912ಕ್ಕೆ ಫೋನ್ ಮಾಡಿದರೆ ಕರೆಂಟಿನ ಇಲಾಖೆಯವರು ಬರುತ್ತಾರೆ.

ದೂಳು ಸಣ್ಣದಲ್ಲ

ಉಳಿಯಿಂದ ಒಡೆದರೆ ಚೂರು ಬೀಳುತ್ತದೆ. ಮಿಷನ್ನಿನಿಂದ ಕೊರೆದರೆ ಹಿಟ್ಟಿನಂಥ ದೂಳು ಏಳುತ್ತದೆ. ಕಲ್ಲು, ಇಟ್ಟಿಗೆ, ಸಿಮೆಂಟು, ಮರಳು ಎಲ್ಲದರಲ್ಲೂ ಸಿಲಿಕಾ ಅನ್ನುವ ವಸ್ತು ಇದೆ. ಅದರ ಸಣ್ಣ ಕಣ ಕಣ್ಣಿಗೆ ಕಾಣುವುದಿಲ್ಲ. ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಕೂರುತ್ತದೆ. ವರ್ಷಗಟ್ಟಲೆ ಕುಡಿದವರಿಗೆ ಸಿಲಿಕೋಸಿಸ್ ರೋಗ ಬರುತ್ತದೆ. ಮೊದಲು ಕೆಮ್ಮು, ಆಮೇಲೆ ಏದುಸಿರು. ಕ್ಷಯರೋಗವೂ ಬೇಗ ತಗಲುತ್ತದೆ. ಸಿಲಿಕೋಸಿಸ್ ಬಂದ ಮೇಲೆ ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಬಂಡೆ ಕೊರೆಯುತ್ತಿದ್ದ ಎಷ್ಟೋ ಜನ ಈ ರೋಗದಿಂದ ನರಳಿದರು.

ಒಂದು ದಿನ ಗೋಡೆ ಒಡೆದ ಮಾತ್ರಕ್ಕೆ ಮನೆಯವರಿಗೆ ಈ ರೋಗ ಬರುವುದಿಲ್ಲ. ದಿನಾ ಇದೇ ಕೆಲಸ ಮಾಡುವವರ ಪಾಡು ಬೇರೆ. ಮಿಷನ್ ಹಿಡಿದವನಿಗಾದರೂ ಒಂದು ಮಾಸ್ಕು ಸಿಗುತ್ತದೆ. ಪಕ್ಕದಲ್ಲೇ ಬಗ್ಗಿ ಬಾಂಡಲಿಗೆ ಚೂರು ತುಂಬಿ, ದೂಳು ಗುಡಿಸುವ ಹೆಂಗಸಿಗೆ ಯಾರೂ ಕೊಡುವುದಿಲ್ಲ. ಸೆರಗು ಸುತ್ತಿಕೊಂಡರೆ ಸಾಲದು, ಟವೆಲ್ಲೂ ಸಾಲದು. ಸಣ್ಣ ದೂಳು ಬಟ್ಟೆಯೊಳಗೆ ನುಸುಳುತ್ತದೆ. ಎನ್-95 ಅನ್ನುವ ಮಾಸ್ಕು ಬೇಕು. 2020ರಲ್ಲಿ ಕೊರೋನಾ ಬಂದ ಮೇಲೆ ಇದು ಔಷಧಿ ಅಂಗಡಿಗಳಲ್ಲೇ ಸಿಗುತ್ತದೆ. ಇಟ್ಟಿಗೆ ಗೋಡೆಯಾದರೆ ಒಡೆಯುವ ಮುನ್ನ ನೀರು ಚಿಮುಕಿಸಿ. ಮಿಷನ್ನಿಗೆ ನೀರು ಬೀಳದಂತೆ ನೋಡಿಕೊಳ್ಳಿ. ಗುಡಿಸುವಾಗಲೂ ನೀರು ಚಿಮುಕಿಸಿಯೇ ಗುಡಿಸಿ. ಮಕ್ಕಳು, ಬಸುರಿಯರು, ದಮ್ಮು ಇರುವವರು ಆ ದಿನ ಬೇರೆ ಮನೆಯಲ್ಲಿ ಇರಲಿ.

ಕೊರೆಯುವ ಚಕ್ರ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಒಡೆದರೆ ಚೂರು ಗುಂಡಿನ ಹಾಗೆ ಹಾರುತ್ತದೆ. ಅದಕ್ಕೇ ಚಕ್ರದ ಮೇಲೆ ತಗಡಿನ ಮುಚ್ಚಳ ಇಟ್ಟಿದ್ದಾರೆ. ಅಡ್ಡ ಬರುತ್ತೆ ಅಂತ ಅದನ್ನು ಬಿಚ್ಚಬೇಡಿ. ಕಣ್ಣಿಗೆ ಕನ್ನಡಕ ಬೇಕು. ಲುಂಗಿ, ಸಡಿಲ ತೋಳು ಬೇಡ.

ಗೋಡೆಯ ಮೇಲೆ ತಾರೀಕು

ಒಡೆಯುವ ಮುನ್ನ ಗೋಡೆಯಲ್ಲಿ ಬಿರುಕು ಇದೆಯೇ ನೋಡಿ. ಇದ್ದರೆ ಅದರ ಎರಡು ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ, ಪಕ್ಕದಲ್ಲಿ ಅಂದಿನ ತಾರೀಕು ಬರೆಯಿರಿ. ಕೆಲಸದ ನಡುವೆ ಬಿರುಕು ಗೆರೆ ದಾಟಿ ಮುಂದೆ ಹೋಗಿದ್ದರೆ ಕೆಲಸ ನಿಲ್ಲಿಸಬೇಕು. ಮೇಲಿನಿಂದ ಮಣ್ಣು ಉದುರಿದರೆ, ತೊಲೆ ಲಟಲಟ ಅಂದರೆ, ಪಕ್ಕದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಎಲ್ಲರೂ ಹೊರಗೆ ಬನ್ನಿ. ಪಾತ್ರೆ, ಪೆಟ್ಟಿಗೆ ತರಲು ಮತ್ತೆ ಒಳಗೆ ಹೋಗಬೇಡಿ.

ಕೆಲಸಕ್ಕೆ ಬಂದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದ್ದಾರಾ ಕೇಳಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದವರು ಬರೆಸಬಹುದು. ಅಪಘಾತವಾದರೆ ಮಂಡಳಿಯಿಂದ ನೆರವು ಸಿಗುತ್ತದೆ. ಚೂರು ಹೊರುವ ಹೆಂಗಸರೂ ಬರೆಸಬಹುದು, ಬರೀ ಮೇಸ್ತ್ರಿಗಳಿಗಲ್ಲ.

ಹೊಸ ಪೈಪು ಕೂರಿಸಿದ ಮೇಲೆ ಗಿಲಾಯಿ ಮಾಡುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಗೋಡೆಯ ಚಿತ್ರ ಬರೆದು ಅಳತೆ ಹಾಕಿ. ಹತ್ತು ವರ್ಷ ಬಿಟ್ಟು ಮಗಳೋ ಮೊಮ್ಮಗನೋ ಅದೇ ಗೋಡೆಗೆ ಮೊಳೆ ಹೊಡೆಯಬೇಕಾದಾಗ ನೋಡುತ್ತಾರೆ. ಹಾಳೆಯನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ. ಹೀಗೆ ಬರೆದರೆ ಸಾಕು:

ಪಡಸಾಲೆ. ಮೂಡಲ ಗೋಡೆ. ಬಾಗಿಲಿನಿಂದ ಬಲಕ್ಕೆ 2 ಅಡಿ. ನೆಲದಿಂದ 4 ಅಡಿ ಎತ್ತರದಲ್ಲಿ ಬೋರ್ಡು. ಅಲ್ಲಿಂದ ನೇರ ಮೇಲಕ್ಕೆ ಕರೆಂಟಿನ ಪೈಪು. ಬಚ್ಚಲ ಗೋಡೆ. ನೆಲದಿಂದ 1 ಅಡಿ ಮೇಲೆ, ಅಡ್ಡಕ್ಕೆ, ನೀರಿನ ಪೈಪು.